ಅಡಿಕೆಯ ಕೊಳೆರೋಗ: ಹೊಳವು ನೋಡಿ ಸಿಂಪರಣೆ

ಮರದ ಬುಡದಲ್ಲಿ ಎಳೆಯ ಅಡಿಕೆ ಉದುರಿ, ಅದರ ಮೇಲೆ ಬಿಳಿ ಬೂಷ್ಟು ಕಂಡ ಮೇಲೆ ಮೈಲುತುತ್ತು ತರಲು ಓಡುವ ಬೆಳೆಗಾರರು ಇಂದಿಗೂ ಇದ್ದಾರೆ. ಆ ಕೊನೆಯ ಮಟ್ಟಿಗೆ ಆಗ ಹೊತ್ತು ಮೀರಿರುತ್ತದೆ. ಬೋರ್ಡೋ ದ್ರಾವಣವು ಕಾಯಿಯ ಮೇಲ್ಮೈಯನ್ನು ಕಾಯುವ ಔಷಧಿ. ಒಳಹೊಕ್ಕ ರೋಗಾಣುವನ್ನು ಅದು ಮುಟ್ಟಲಾರದು.

ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ರೋಗಾಣುವಿನ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನೀರಿನ ತೆಳುವಾದ ಪದರವಿದ್ದರೆ ಅವುಗಳಿಗೆ ಅಷ್ಟೇ ಸಾಕು. 20ರಿಂದ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 90ಕ್ಕೆ ಮೀರಿದ ಆರ್ದ್ರತೆ, ಜಡಿಮಳೆಯ ನಡುವೆ ಆಗೊಮ್ಮೆ ಈಗೊಮ್ಮೆ ಬಿಸಿಲು, ಇವು ಕೂಡಿ ಬಂದಾಗ ರೋಗ ಬೇಗ ಹರಡುತ್ತದೆ.

ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಮೈಸೂರು ಸಂಸ್ಥಾನದ ಮಲೆನಾಡಿಗೆ ಬೋರ್ಡೋ ಸಿಂಪರಣೆಯನ್ನು 1910ರ ಸುಮಾರಿಗೆ ತೋರಿಸಿಕೊಟ್ಟವರು ಡಾ. ಲೆಸ್ಲಿ ಕೋಲ್ಮನ್. ಶೇಕಡ 1ರ ಆ ದ್ರಾವಣ ಇಂದಿಗೂ ನಂಬಿಕೆಯದೇ. ತಪ್ಪುತ್ತಿರುವುದು ಸಿಂಪಡಿಸುವ ದಿನ.

ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನವೇ ಮುಗಿಯಬೇಕು. ಹವಾಮಾನ ಇಲಾಖೆಯು ಕೇರಳಕ್ಕೆ ಮುಂಗಾರು ತಲುಪುವ ದಿನವನ್ನು ಮೇ ತಿಂಗಳ ಮಧ್ಯದಲ್ಲಿ ಪ್ರಕಟಿಸುತ್ತದೆ. ಕೊನೆಗೌಡರನ್ನು ಗೊತ್ತುಮಾಡಲು ಅದೇ ತಕ್ಕ ಕಾಲ. ರೋಹಿಣಿ ಮಳೆಯನ್ನು ಕಾಯುತ್ತ ಕುಳಿತರೆ ಆಳು ಸಿಗುವುದಿಲ್ಲ.

ಕಷ್ಟವಿರುವುದು ಎರಡನೆಯ ಸಿಂಪರಣೆಯಲ್ಲಿ. 40–45 ದಿನಗಳ ಲೆಕ್ಕ ಹಿಡಿದರೆ ಅದು ಪುನರ್ವಸು, ಪುಷ್ಯ ಮಳೆಗಳ ನಟ್ಟನಡುವೆ ಬರುತ್ತದೆ. ಇಲ್ಲಿ ಪಂಚಾಂಗಕ್ಕಿಂತ ಮುನ್ಸೂಚನೆ ಹೆಚ್ಚು ಉಪಯುಕ್ತ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹಾ ಪತ್ರಿಕೆಯಲ್ಲಿ ಮುಂದಿನ 5 ದಿನಗಳ ಮಳೆಯ ಅಂದಾಜು ಇರುತ್ತದೆ. ಮೊಬೈಲಿನ ಮೇಘದೂತ್ ಆಪ್‌ನಲ್ಲೂ ಅದು ದೊರೆಯುತ್ತದೆ. ಮೊದಲ ಸಿಂಪರಣೆಯಾಗಿ 35 ದಿನ ಕಳೆದ ಕೂಡಲೇ ಇದನ್ನು ತಪ್ಪದೆ ನೋಡತೊಡಗಬೇಕು. 38ನೆಯ ದಿನ ಹೊಳವು ಕಂಡು, ಅದರಾಚೆ ಭಾರೀ ಮಳೆಯ ಸೂಚನೆಯಿದ್ದರೆ 45 ತುಂಬಲೆಂದು ಕಾಯಬಾರದು. ದ್ರಾವಣ ಕಾಯಿಯ ಮೇಲೆ ಒಣಗಿ ಕೂರುವಷ್ಟು ಹೊತ್ತಾದರೂ ಮಳೆ ಬಿಡುವು ಕೊಡಬೇಕು. ಇಲ್ಲವಾದರೆ ಮೈಲುತುತ್ತು, ಸುಣ್ಣ, ಕೂಲಿ ಮೂರೂ ಹಳ್ಳ ಸೇರುತ್ತವೆ.

ಮುನ್ಸೂಚನೆಗೂ ಮಿತಿಯಿದೆ. ಐದನೆಯ ದಿನಕ್ಕಿಂತ ಮೊದಲೆರಡು ದಿನಗಳ ಮಾತು ಹೆಚ್ಚು ನಿಜವಾಗುತ್ತದೆ. ಇಡೀ ಜಿಲ್ಲೆಗೆ ಹೇಳಿದ ಮಳೆ ಘಟ್ಟದ ಸೆರಗಿನ ಕಣಿವೆಯಲ್ಲಿ ಬೇರೆಯಾಗಿರಬಹುದು. ಆದ್ದರಿಂದ ಅಂದು ಬೆಳಿಗ್ಗೆ ಆಕಾಶ ನೋಡಿಯೇ ಔಷಧಿ ಬೆರೆಸಬೇಕು. ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡುವಂತಿಲ್ಲ. ಅಂಟಿಗೆ ರಾಳದ ಸೋಪು ಸೇರಿಸಿದರೆ ಒಳ್ಳೆಯದು.

ಮಳೆ ಸೆಪ್ಟೆಂಬರಿಗೂ ಎಳೆದ ವರ್ಷ ಮೂರನೆಯ ಸಿಂಪರಣೆ ಬೇಕಾಗುತ್ತದೆ. ಅದಕ್ಕೂ ದಿನ ಗೊತ್ತುಮಾಡುವ ಕ್ರಮ ಇದೇ.