ಪಂಚಾಯಿತಿಯೇ ಇಲ್ಲದ ಸೀಮೆ

ಬೀದಿದೀಪ ಕೆಟ್ಟರೆ ಜನ ಗ್ರಾಮ ಪಂಚಾಯಿತಿಗೆ ಹೇಳುತ್ತಾರೆ. ಶಾಲೆಯ ಚಾವಣಿ ಸೋರಿದರೆ ಜಿಲ್ಲಾ ಪಂಚಾಯಿತಿಗೆ ಅರ್ಜಿ ಕೊಡುತ್ತಾರೆ. ಕೆಲಸ ಆಗುವುದು, ಬಿಡುವುದು ಬೇರೆ ಮಾತು. ಹೋಗಿ ಕೇಳಲು ಒಂದು ಬಾಗಿಲಂತೂ ಇರುತ್ತದೆ. ಆ ಬಾಗಿಲು ಸಾವಿರ ಕಿಲೋಮೀಟರಿಗೂ ಆಚೆ ಇರುವ ಸೀಮೆಯೊಂದು ಅಮೆರಿಕದಂಥ ಶ್ರೀಮಂತ ದೇಶದಲ್ಲಿದೆ ಎಂದರೆ ಅಚ್ಚರಿಯಾದೀತು.

ಅದು ಅಲಾಸ್ಕ ರಾಜ್ಯದ ‘ಅಸಂಘಟಿತ ಬರೋ’. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಜಿಲ್ಲೆಯನ್ನು ಹೋಲುವ ಕೌಂಟಿಗಳಿವೆ. ಅಲಾಸ್ಕದಲ್ಲಿ ಅವುಗಳ ಹೆಸರು ಬರೋ. ಸಂಘಟಿತ ಬರೋಗಳಿಗೆ ಚುನಾಯಿತ ಸಭೆಯಿದೆ, ತೆರಿಗೆ ಹಾಕುವ ಅಧಿಕಾರವಿದೆ. ಆದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ಯಾವ ಬರೋಗೂ ಸೇರಿಲ್ಲ. ಅಲ್ಲಲ್ಲಿ ಕೆಲವು ಊರುಗಳಿಗೆ ಸಣ್ಣ ಪುರಸಭೆಗಳಿವೆ. ಅವುಗಳಾಚೆ ಇಡೀ ಪ್ರದೇಶಕ್ಕೆ ಸ್ಥಳೀಯ ಸರ್ಕಾರವೆಂಬುದಿಲ್ಲ. ಇದರ ನೆಲ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು. ಜನರು ಮಾತ್ರ 2020ರ ಗಣತಿಯಂತೆ 77,157. ಅಂದರೆ ಹತ್ತು ಚದರ ಕಿಲೋಮೀಟರಿಗೆ ಒಬ್ಬರೂ ಇಲ್ಲ.

ಇದು ಯಾರೋ ಮರೆತು ಬಿಟ್ಟ ಜಾಗವಲ್ಲ. 1955-56ರಲ್ಲಿ ಅಲಾಸ್ಕದ ಸಂವಿಧಾನ ರಚಿಸಲು ಸೇರಿದ 55 ಪ್ರತಿನಿಧಿಗಳು ಬೇಕೆಂದೇ ಇಂಥದೊಂದು ಏರ್ಪಾಡು ಮಾಡಿದರು. ಒಂದೇ ಊರಿನ ಮೇಲೆ ನಾಲ್ಕಾರು ಸಂಸ್ಥೆಗಳು ತೆರಿಗೆ ಹೇರುವ ಅವಾಂತರ ತಮ್ಮಲ್ಲಿ ಬೇಡವೆಂಬುದು ಅವರ ಇಂಗಿತವಾಗಿತ್ತು. ರಾಜ್ಯವನ್ನು ಸಂಘಟಿತ, ಅಸಂಘಟಿತ ಬರೋಗಳಾಗಿ ವಿಂಗಡಿಸಬೇಕು. ಅಸಂಘಟಿತ ಬರೋದಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಆದಷ್ಟು ಅವಕಾಶವಿತ್ತು ಶಾಸಕಾಂಗವೇ ಸೇವೆ ಒದಗಿಸಬೇಕು ಎಂದು ಸಂವಿಧಾನ ಹೇಳಿತು. 1959ರಲ್ಲಿ ಅಲಾಸ್ಕ ರಾಜ್ಯವಾಯಿತು. 1961ರ ಕಾನೂನು, ಸಂಘಟಿತವಾಗದ ಪ್ರದೇಶವನ್ನೆಲ್ಲ ಒಂದೇ ಬರೋ ಎಂದು ಕರೆಯಿತು. 1963ರಲ್ಲಿ ಆಂಕರೇಜ್, ಫೇರ್‌ಬ್ಯಾಂಕ್ಸ್ ಮುಂತಾದ ದೊಡ್ಡ ಊರುಗಳ ಸೀಮೆಗಳು ಕಡ್ಡಾಯವಾಗಿ ಬರೋಗಳಾಗಬೇಕೆಂಬ ಕಾಯ್ದೆ ಬಂತು. ಉಳಿದವರಿಗೆ ಆ ಕಡ್ಡಾಯವಿರಲಿಲ್ಲ.

ಹಾಗಾದರೆ ಉಳಿದವರು ತಾವೇ ಏಕೆ ಮುಂದೆ ಬರಲಿಲ್ಲ? ಉತ್ತರ ಸರಳ: ತೆರಿಗೆ. ಬರೋ ನಡೆಸಲು ಹಣ ಬೇಕು. ಬಹುಪಾಲು ನೆಲ ಸರ್ಕಾರದ್ದು ಅಥವಾ ಮೂಲನಿವಾಸಿಗಳ ಸಂಸ್ಥೆಗಳದ್ದು. ಮೀನು, ಬೇಟೆಗಳನ್ನೇ ನೆಚ್ಚಿದ ಹಳ್ಳಿಗಳಲ್ಲಿ ಸಂಬಳದ ಕೆಲಸ ಅಪರೂಪ. ತೆರಿಗೆ ಹಾಕುವುದಾದರೂ ಯಾವುದರ ಮೇಲೆ? ಹಾಕಲು ಏನಾದರೂ ಸಿಕ್ಕಿದ ಕಡೆ ಕಥೆ ಬೇರೆಯಾಯಿತು. ಪ್ರೂಡೊ ಕೊಲ್ಲಿಯಲ್ಲಿ 1968ರಲ್ಲಿ ತೈಲ ಸಿಕ್ಕಿತು. 1972ರಲ್ಲಿ ಅಲ್ಲಿನ ಇನುಪಿಯಾಟ್ ಜನ ನಾರ್ತ್ ಸ್ಲೋಪ್ ಬರೋ ಕಟ್ಟಿಕೊಂಡು ತೈಲ ಕಂಪನಿಗಳ ಆಸ್ತಿಗೆ ತೆರಿಗೆ ಹಾಕಿದರು.

ಸ್ಥಳೀಯ ಸರ್ಕಾರ ಇಲ್ಲದಿದ್ದರೆ ಆಳ್ವಿಕೆಯೇ ಇಲ್ಲವೆಂದಲ್ಲ. ಬರೋ ಸಭೆ ಮಾಡಬೇಕಾದ ಕೆಲಸ ರಾಜಧಾನಿ ಜೂನೊದಲ್ಲಿ ಕೂತ ಶಾಸಕಾಂಗದ ಪಾಲಿಗೆ ಬಂತು. ಇದರ ಬಿಸಿ ಮೊದಲು ತಟ್ಟಿದ್ದು ಮಕ್ಕಳಿಗೆ. ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯಿತ್ತು, ಪ್ರೌಢಶಾಲೆ ಇರಲಿಲ್ಲ. ಓದು ಮುಂದುವರಿಸಬೇಕಾದರೆ ಮನೆ ಬಿಟ್ಟು ದೂರದ ವಸತಿ ಶಾಲೆಗೆ, ಕೆಲವರು ಅಲಾಸ್ಕದ ಹೊರಗಿನ ಆರೆಗಾನ್‌ವರೆಗೂ ಹೋಗಬೇಕಿತ್ತು. ಯೂಕಾನ್ ನದಿ ಸಮುದ್ರ ಸೇರುವಲ್ಲಿರುವ ಎಮ್ಮೊನಾಕ್ ಹಳ್ಳಿಯ ಯುಪಿಕ್ ಹುಡುಗಿ ಮಾಲಿ ಹೂಚ್ ಮತ್ತು ಇತರ ವಿದ್ಯಾರ್ಥಿಗಳು 1972ರಲ್ಲಿ ನ್ಯಾಯಾಲಯಕ್ಕೆ ಹೋದರು. ತಮ್ಮೂರಲ್ಲೇ ಪ್ರೌಢಶಾಲೆ ಪಡೆಯುವ ಹಕ್ಕನ್ನು ಸಂವಿಧಾನದ ಶಿಕ್ಷಣ ವಿಧಿ ಕೊಟ್ಟಿಲ್ಲವೆಂದು 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಆದರೆ ತಾರತಮ್ಯದ ಪ್ರಶ್ನೆ ಜೀವಂತವಾಗಿ ಉಳಿಯಿತು. 1976ರಲ್ಲಿ ಸರ್ಕಾರ ರಾಜಿಗೆ ಬಂತು. 126 ಹಳ್ಳಿಗಳಿಗೆ, ಅವು ಬಯಸಿದರೆ, ಪ್ರೌಢಶಾಲೆ ಕೊಡಲು ಒಪ್ಪಿತು.

ಅದೇ ಹೊತ್ತಿಗೆ ಅಸಂಘಟಿತ ಬರೋವನ್ನು 21 ಶಿಕ್ಷಣ ಪ್ರದೇಶಗಳಾಗಿ ವಿಂಗಡಿಸಿ, ಚುನಾಯಿತ ಶಾಲಾ ಮಂಡಳಿಗಳನ್ನು ರಚಿಸಲಾಯಿತು. ಶಾಲೆಯ ಆಡಳಿತ ಹಳ್ಳಿಗರ ಕೈಗೆ ಬಂತು, ತೆರಿಗೆ ಹಾಕುವ ಅಧಿಕಾರ ಬರಲಿಲ್ಲ. ಸಂಘಟಿತ ಬರೋಗಳು ಸಾಲಪತ್ರ ಹೊರಡಿಸಿ ಶಾಲೆ ಕಟ್ಟಿದರೆ ಆ ಸಾಲದ ದೊಡ್ಡ ಪಾಲನ್ನು ರಾಜ್ಯ ತೀರಿಸುತ್ತಿತ್ತು. ಸಾಲ ಎತ್ತಲಾಗದ ಹಳ್ಳಿಗಳು ಅನುದಾನದ ಪಟ್ಟಿಯಲ್ಲಿ ತಮ್ಮ ಸರದಿಗೆ ಕಾಯಬೇಕಿತ್ತು. 1997ರಲ್ಲಿ ಮತ್ತೆ ಮೊಕದ್ದಮೆ ಹೂಡಲಾಯಿತು. ಈ ಪದ್ಧತಿ ತಾರತಮ್ಯದ್ದೆಂದು 1999ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ರಾಜಿ ಆಗಲು 2011 ಬರಬೇಕಾಯಿತು. ಆ ರಾಜಿಯಲ್ಲಿ ಕಟ್ಟಡಕ್ಕೆ ಹಣ ಪಡೆದ ಐದು ಹಳ್ಳಿಗಳಲ್ಲಿ ಎಮ್ಮೊನಾಕ್ ಕೂಡ ಒಂದು. ಹೂಚ್ ನ್ಯಾಯಾಲಯದ ಮೆಟ್ಟಿಲೇರಿ ಆಗ 39 ವರ್ಷವಾಗಿತ್ತು.

ಪಟ್ಟಣಿಗರಿಗೂ ಅವರದೇ ದೂರಿದೆ. ತಾವು ಶಾಲೆಗೆಂದು ಸ್ಥಳೀಯ ತೆರಿಗೆ ಕಟ್ಟುತ್ತೇವೆ, ಅಸಂಘಟಿತ ಬರೋದ ಹಳ್ಳಿಗರು ಕಟ್ಟುವುದಿಲ್ಲ ಎಂಬುದು ಅವರ ತಕರಾರು. ಬರೋಗಳು ಶಾಲೆಗೆ ಕಡ್ಡಾಯವಾಗಿ ಹಣ ಕೊಡಬೇಕೆಂಬ ನಿಯಮವನ್ನೇ ಕೆಚಿಕನ್ ಬರೋ ಪ್ರಶ್ನಿಸಿತು. 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು.

ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ತೆರಿಗೆಯಿಲ್ಲದ ಬದುಕು ಹೊರನೋಟಕ್ಕೆ ಹಗುರ. ಆದರೆ ಆ ಹಗುರಕ್ಕೂ ಬೆಲೆಯಿದೆ. ಸ್ವಂತ ಬೊಕ್ಕಸವಿಲ್ಲದವರು ಪ್ರತಿಯೊಂದಕ್ಕೂ ದೂರದ ರಾಜಧಾನಿಯತ್ತ ಕೈಚಾಚಬೇಕು, ಕೊಡದಿದ್ದರೆ ನ್ಯಾಯಾಲಯದ ಬಾಗಿಲು ತಟ್ಟಬೇಕು. ಹತ್ತಿರದಲ್ಲೊಂದು ಬಾಗಿಲಿರುವುದರ ಬೆಲೆ ಏನೆಂಬುದನ್ನು ಎಮ್ಮೊನಾಕ್‌ನವರು ಬಲ್ಲರು.