ನಡಿಗೆ, ಅಡಿಗೆ ಮತ್ತು ನಾಳೆಗಿಡುವ ಕಲೆ

ಮುಂಬಯಿಯಲ್ಲಿ ನಾವಿಂದು ಸಹಜವೆಂಬಂತೆ ಅನುಭವಿಸುತ್ತಿರುವ ಭಾನುವಾರದ ರಜೆ ತಾನಾಗಿ ದೊರೆತುದಲ್ಲ. ಹತ್ತಿಯ ಗಿರಣಿಗಳಲ್ಲಿ ವಾರದ ಏಳು ದಿನವೂ ದುಡಿಯುತ್ತಿದ್ದ ಕಾರ್ಮಿಕರಿಗೆ ಒಂದು ದಿನದ ವಿಶ್ರಾಂತಿ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಬೇಡಿಕೆಯಿಟ್ಟರು. ಗಿರಣಿಯ ಮಾಲೀಕರು ಅದಕ್ಕೆ ಒಪ್ಪಿದ್ದು 1890ರ ಜೂನ್ 10ರಂದು. ಶನಿವಾರ ಅದರ ಜೊತೆಗೂಡಿದ್ದು ಇನ್ನೂ ತಡವಾಗಿ. ಕೇಂದ್ರ ಸರಕಾರದ ಕಚೇರಿಗಳಿಗೆ ಐದು ದಿನದ ವಾರ ಬಂದದ್ದು 1985ರಲ್ಲಿ, ಮಹಾರಾಷ್ಟ್ರ ಸರಕಾರದ ಕಚೇರಿಗಳಿಗೆ 2020ರಲ್ಲಿ. ನಮ್ಮವರಲ್ಲಿ ಅನೇಕರು ಹೋಟೆಲಿನ ಉದ್ಯಮದವರು. ಊರಿಗೆಲ್ಲ ರಜೆಯಿರುವ ದಿನವೇ ಅವರ ಪಾಲಿಗೆ ಅತಿ ಹೆಚ್ಚಿನ ದುಡಿಮೆ. ಅಂಥವರು ಮುಂದಿನ ಮಾತುಗಳನ್ನು ತಮಗೆ ಬಿಡುವು ದೊರೆಯುವ ವಾರಕ್ಕೆ ಹೊಂದಿಸಿಕೊಳ್ಳಬಹುದು.

ಹೀಗೆ ದೊರೆತ ಎರಡು ದಿನಗಳನ್ನು ನಾವು ಕಳೆಯುವ ಬಗೆಯನ್ನು ನೋಡಿದರೆ ವಿಷಾದವಾಗುತ್ತದೆ. ವಾರವೆಲ್ಲ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಸವಳಿದವನು ಶನಿವಾರ ಹತ್ತು ಗಂಟೆಗೆ ಏಳುತ್ತಾನೆ. ಉರಿಬಿಸಿಲಿನಲ್ಲಿ ಕೊಳಾಯಿ ರಿಪೇರಿ, ಮಕ್ಕಳ ಪುಸ್ತಕ, ಗೆಳೆಯರ ಮನೆಯ ಸತ್ಯನಾರಾಯಣ ಪೂಜೆ ಎಂದು ಅಲೆಯುತ್ತಾನೆ. ಸೋಮವಾರ ಬೆಳಿಗ್ಗೆ ಶುಕ್ರವಾರ ಸಂಜೆಗಿಂತ ಹೆಚ್ಚು ದಣಿದಿರುತ್ತಾನೆ. ಮೇ ತಿಂಗಳಲ್ಲಂತೂ ಊರಿಗೆ ಹೋಗಲು ರೈಲಿನ ಟಿಕೇಟು ಸಿಗದೆ ಉಳಿದವರ ಬೇಸರವೂ ಇದಕ್ಕೆ ಕೂಡಿಕೊಳ್ಳುತ್ತದೆ. ಊರಿಗೆ ಹೋಗಲಾಗದ ಬೇಸಿಗೆಯ ಎರಡು ದಿನಗಳನ್ನು ದೇಹಕ್ಕೂ ಮನಸ್ಸಿಗೂ ಹಿತವಾಗುವಂತೆ ಕಳೆಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಮೊದಲು ಇಲ್ಲಿನ ಸೆಕೆಯ ಸ್ವಭಾವವನ್ನು ಅರಿಯಬೇಕು. ಮೇ ತಿಂಗಳಲ್ಲಿ ಕಲಬುರ್ಗಿಯ ಉಷ್ಣಮಾನ 40 ಡಿಗ್ರಿಯನ್ನು ದಾಟಿದಾಗಲೂ ಮುಂಬಯಿಯಲ್ಲಿ 33-34 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೂ ಕಲಬುರ್ಗಿಯಿಂದ ಬಂದ ಅತ್ತೆಯವರು ಇಲ್ಲಿ ಎರಡೇ ದಿನದಲ್ಲಿ ಸೋತುಹೋಗುವುದುಂಟು. ಬೆವರು ಸುರಿಯುವುದರಿಂದ ದೇಹ ತಣ್ಣಗಾಗುವುದಿಲ್ಲ, ಬೆವರು ಆರುವುದರಿಂದ ತಣ್ಣಗಾಗುತ್ತದೆ. ಬಯಲುಸೀಮೆಯ ಒಣಗಾಳಿ ಬೆವರನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಕಡಲತಡಿಯ ತೇವದ ಗಾಳಿಗೆ ಆ ಶಕ್ತಿಯಿಲ್ಲ. ಅಂಗಿ ಒದ್ದೆಯಾಗುತ್ತದೆ, ಮೈಯ ಕಾವು ಮಾತ್ರ ಒಳಗೇ ಉಳಿಯುತ್ತದೆ. ಹೊಸ ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಆದಕಾರಣ ಊರಿನಿಂದ ಬಂದ ಹಿರಿಯರನ್ನು ಮಾರನೆಯ ದಿನವೇ ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ ಎಂದು ತಿರುಗಾಡಿಸುವುದು ಅತಿಥಿಸತ್ಕಾರವಲ್ಲ.

ನಡಿಗೆಗೆ ಬೇಸಿಗೆಯಲ್ಲಿ ಒಂದೇ ಹೊತ್ತು: ಬೆಳಗಿನ ಜಾವ. ಇಲ್ಲಿ ಮೇ ತಿಂಗಳಲ್ಲಿ ಸೂರ್ಯೋದಯ ಆರು ಗಂಟೆಯ ಸುಮಾರಿಗೆ ಆಗುತ್ತದೆ. ಆ ಹೊತ್ತಿಗೆ ಮನೆ ಬಿಟ್ಟು ಏಳೂವರೆಯೊಳಗೆ ಮುಖ್ಯ ನಡಿಗೆಯನ್ನು ಮುಗಿಸಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪರಿಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಮಧ್ಯಮವೆಂದರೆ ಎಷ್ಟು ಎಂದು ಗಡಿಯಾರ ನೋಡಬೇಕಾಗಿಲ್ಲ. ನಡೆಯುತ್ತ ಜೊತೆಗಾರರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಸಾಧ್ಯವಾಗಬಾರದು. ದಾದರಿನವರಿಗೆ ಶಿವಾಜಿ ಪಾರ್ಕಿನ ಕಟ್ಟೆಯಿದೆ. ಒಂದು ಸುತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮಾಟುಂಗದವರಿಗೆ ಫೈವ್ ಗಾರ್ಡನ್ಸ್‌ನ ಮರಗಳ ನೆರಳಿದೆ. ದಕ್ಷಿಣ ಮುಂಬಯಿಯವರಿಗೆ ಮರೀನ್ ಡ್ರೈವ್ ಇದೆ, ಆದರೆ ಅಲ್ಲಿ ನೆರಳಿಲ್ಲ. ಬಿಸಿಲೇರುವ ಮೊದಲೇ ಹಿಂದಿರುಗಬೇಕು.

ತುಸು ದೂರ ಹೋಗುವ ಉತ್ಸಾಹವುಳ್ಳವರಿಗೆ ನನ್ನ ಸಲಹೆ ಬೋರಿವಲಿಯ ರಾಷ್ಟ್ರೀಯ ಉದ್ಯಾನ. ಮಹಾನಗರದ ಒಡಲಲ್ಲಿಯೇ ನೂರು ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಕಾಡಿರುವುದು ಜಗತ್ತಿನಲ್ಲಿ ಅಪರೂಪ. ಮುಖ್ಯದ್ವಾರದಿಂದ ಕಾನ್ಹೇರಿಯ ಗುಹೆಗಳಿಗೆ ಸುಮಾರು ಆರು ಕಿಲೋಮೀಟರು. ನಡೆಯಬಲ್ಲವರು ಪೂರ್ತಿ ನಡೆಯಲಿ. ಆಗದವರು ಅಷ್ಟಿಷ್ಟು ನಡೆದು ಉಳಿದ ದೂರವನ್ನು ವಾಹನದಲ್ಲಿ ಕ್ರಮಿಸಲಿ. ಕಪ್ಪು ಶಿಲೆಯಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳು. ಕ್ರಿಸ್ತಪೂರ್ವದಿಂದ ಮೊದಲುಗೊಂಡು ಸಾವಿರ ವರುಷಗಳಷ್ಟು ಕಾಲ ಬೌದ್ಧಭಿಕ್ಷುಗಳು ಇಲ್ಲಿ ವಾಸಿಸಿದರು. ಅನೇಕ ಗುಹೆಗಳ ಮಗ್ಗುಲಲ್ಲಿ ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಗಳುಂಟು. ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳ ಬಾಯಾರಿಕೆಗೆ ಕೂಡಿಡುವ ವಿವೇಕ ಅವರಿಗಿತ್ತು. ಗುಹೆಯೊಳಗಿನ ಕಲ್ಲಿನ ಜಗುಲಿಯ ಮೇಲೆ ಹತ್ತು ನಿಮಿಷ ಕುಳಿತರೆ ಆ ತಂಪು ಯಾವ ಯಂತ್ರದಿಂದಲೂ ದೊರೆಯದೆಂದು ಮನದಟ್ಟಾಗುತ್ತದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಆಕರ್ಷಣೆಯಿದೆ. ಕಾನ್ಹೇರಿಯಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯ, ಒಂಬತ್ತನೆಯ ಶತಮಾನದ ಶಾಸನಗಳಿವೆ. ಕವಿರಾಜಮಾರ್ಗವು ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಆ ನೃಪತುಂಗನೇ ಈತ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ದೂರದ ಗೌಡದೇಶದಿಂದ ಬಂದ ಭಕ್ತನೊಬ್ಬ ಇಲ್ಲಿನ ಭಿಕ್ಷುಗಳಿಗಾಗಿ ಬಿಟ್ಟ ದತ್ತಿಯ ಉಲ್ಲೇಖವೂ ಆ ಶಾಸನಗಳಲ್ಲಿದೆ. ಹೊಟ್ಟೆಪಾಡಿಗೋ ಪುಣ್ಯಕ್ಕೋ ಪರಸ್ಥಳಕ್ಕೆ ಬಂದು ನೆಲೆಗೊಂಡವರ ಪಟ್ಟಿಯಲ್ಲಿ ನಾವು ಮೊದಲಿಗರಲ್ಲ! ಬೇಸಿಗೆಯಲ್ಲಿ ಇಲ್ಲಿ ಬುಟ್ಟಿಯಲ್ಲಿ ಮಾರಲು ಬರುವ ಕಪ್ಪು ಕರ್ವಂದ ನಮ್ಮ ಘಟ್ಟದ ಕವಳಿ ಹಣ್ಣೇ, ದಕ್ಷಿಣ ಕನ್ನಡದವರ ಕರಂಡೆ. ಕೊಂಡು ತೊಳೆದು ತಿನ್ನಿರಿ.

ನಡಿಗೆಯಿಂದ ಹಿಂದಿರುಗುವ ದಾರಿಯಲ್ಲಿಯೇ ಅಡಿಗೆ ಆರಂಭವಾಗಬೇಕು, ಅಂದರೆ ಮಾರುಕಟ್ಟೆಯಲ್ಲಿ. ಮಾಟುಂಗದ ಸಂತೆಯಲ್ಲಿ ಬಾಳೆಯೆಲೆಯಿಂದ ಮೊದಲುಗೊಂಡು ನಮ್ಮ ಕಡೆಯ ತರಕಾರಿಗಳು ದೊರೆಯುತ್ತವೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಲೋಖಂಡೆಯವರು ಗಳಿಸಿಕೊಟ್ಟ ರಜೆ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇನ್ನೂ ತಲುಪಿಲ್ಲ. ಯಜಮಾನರು ವಿಶ್ರಾಂತಿಯ ದಿನವೆಂದು ಎರಡು ಬಗೆಯ ಪಲ್ಯ, ಪೂರಿ, ಪಾಯಸ ಬಯಸಿದರೆ, ಗಾಳಿಯಾಡದ ಆರಡಿ ಎಂಟಡಿಯ ಅಡಿಗೆಮನೆಯಲ್ಲಿ ಒಲೆಯ ಮುಂದೆ ಬೇಯುವವರು ಯಾರು? ಬೇಸಿಗೆಯ ವಾರಾಂತ್ಯದ ಅಡಿಗೆಯನ್ನು ಗಂಡಸರೂ ಮಕ್ಕಳೂ ವಹಿಸಿಕೊಳ್ಳಲಿ. ಒಂಬತ್ತು ಗಂಟೆಯೊಳಗೆ ಅನ್ನ ಮಾಡಿ ಒಲೆಯಾರಿಸಲಿ. ಉಳಿದುದೆಲ್ಲ ನೆನೆಹಾಕುವ, ತುರಿಯುವ, ರುಬ್ಬುವ, ಕಲಸುವ ಕೆಲಸ.

ನಮ್ಮ ಪೂರ್ವಿಕರು ಬೇಸಿಗೆಗೆಂದೇ ಇಂಥ ಅಡಿಗೆಗಳನ್ನು ರೂಪಿಸಿದ್ದಾರೆ. ಮಲೆನಾಡಿನ ತಂಬುಳಿಯನ್ನೇ ನೋಡಿ. ನಾಲ್ವರಿಗೆ ಒಂದು ಟೀ ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಇವನ್ನು ಸ್ವಲ್ಪ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತ್ಯ ಕೆಂಪಾಗಬೇಕೇ ಹೊರತು ಕಪ್ಪಾಗಬಾರದು, ಕಪ್ಪಾದರೆ ಕಹಿ. ಅರ್ಧ ಬಟ್ಟಲು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಮೂರು ಬಟ್ಟಲು ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವಂತಿಲ್ಲ. ಒಂದೆಲಗದ ಸೊಪ್ಪು ಸಿಕ್ಕರೆ ಮೆಂತ್ಯದ ಬದಲು ಅದನ್ನು ತೊಳೆದು ಹಸಿಯಾಗಿಯೇ ರುಬ್ಬಬಹುದು.

ಪುನರ್ಪುಳಿಯಂತೂ ಮುಂಬಯಿಗೂ ನಮಗೂ ನಡುವಿನ ನಂಟು. ಇಲ್ಲಿನವರು ಕೋಕಂ ಎನ್ನುವುದನ್ನೇ ತುಳುನಾಡಿನವರು ಪುನರ್ಪುಳಿಯೆಂದೂ ಉತ್ತರ ಕನ್ನಡದವರು ಮುರುಗಲು ಎಂದೂ ಕರೆಯುತ್ತಾರೆ. ಮರ ಒಂದೇ, ಘಟ್ಟವೂ ಒಂದೇ. ಎಂಟು ಹತ್ತು ಒಣಸಿಪ್ಪೆಗಳನ್ನು ಎರಡು ಲೋಟ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ ಹಿಂಡಿ, ಚಿಟಿಕೆ ಉಪ್ಪು, ಜೀರಿಗೆಪುಡಿ, ಬೇಕಿದ್ದರೆ ತುಸು ಬೆಲ್ಲ ಬೆರೆಸಬೇಕು. ಹುಳಿಯಾದ್ದರಿಂದ ಗಾಜಿನ ಅಥವಾ ಸ್ಟೀಲಿನ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ, ಹಿತ್ತಾಳೆ ಕೂಡದು. ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ಜೋಳದ ನುಚ್ಚು-ಮಜ್ಜಿಗೆ, ಹಳೆಯ ಮೈಸೂರಿನವರಿಗೆ ರಾಗಿಯ ಅಂಬಲಿ. ಯಾವುದು ಮೇಲೆಂಬ ಜಗಳವನ್ನು ಸಂಘದ ವಾರ್ಷಿಕ ಸಭೆಗೆ ಕಾಯ್ದಿರಿಸೋಣ. ನೆನೆದ ಹೆಸರುಬೇಳೆಗೆ ಸೌತೆಕಾಯಿ, ಮಾವಿನಕಾಯಿಯ ತುರಿ ಬೆರೆಸಿದ ಕೋಸಂಬರಿ ಎಲ್ಲರಿಗೂ ಸಲ್ಲುತ್ತದೆ. ಉಪ್ಪನ್ನು ಎಲೆಗೆ ಬಡಿಸುವ ಮುನ್ನ ಹಾಕಿದರೆ ನೀರು ಬಿಡುವುದಿಲ್ಲ.

ಎರಡು ಎಚ್ಚರಿಕೆಗಳು. ಬೆಲ್ಲ ಸಕ್ಕರೆಯಂತಲ್ಲ, ಮಧುಮೇಹಿಗಳಿಗೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲ. ಪಾನಕವನ್ನು ಲೋಟಗಟ್ಟಲೆ ಕುಡಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಆಪೂಸು ಮಾವಿಗೂ ಇದೇ ಮಾತು. ಇನ್ನೊಂದು, ಈ ತೇವದ ಸೆಕೆಯಲ್ಲಿ ಬೆಳಗಿನ ಅನ್ನವನ್ನು ಮಧ್ಯಾಹ್ನದವರೆಗೆ ಹೊರಗಿಡಬಾರದು. ಆರಿದೊಡನೆ ಫ್ರಿಜ್ಜಿನಲ್ಲಿಟ್ಟು ಊಟದ ಹೊತ್ತಿಗೆ ಚೆನ್ನಾಗಿ ಬಿಸಿಮಾಡಬೇಕು.

ಊಟವಾಯಿತು. ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಕಾಲಿಡಬಾರದು. ಅರ್ಧ ಗಂಟೆಯೊಳಗಿನ ನಿದ್ರೆ ಹಿತಕರ. ಅದಕ್ಕೂ ಮೀರಿದರೆ ಎದ್ದಾಗ ಜಡತೆ, ರಾತ್ರಿ ನಿದ್ರಾಭಂಗ. ಉಳಿದ ಹೊತ್ತು ಏನು ಮಾಡಬೇಕು? ಏನನ್ನು ಮಾಡಬೇಕೋ ಅದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಬೇಕು ಎಂಬುದೇ ನನ್ನ ಸಲಹೆ. 'ನಾಳೆ ಎಂದವನ ಮನೆ ಹಾಳು' ಎಂಬ ಗಾದೆಯನ್ನು ಕೇಳಿ ಬೆಳೆದವರಿಗೆ ಇದು ಅಪಚಾರವೆನಿಸೀತು. ಆದರೆ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ದಿನದಿನವೂ ಹಿಂದಟ್ಟಿದವರೂ ನಮ್ಮ ಕನ್ನಡಿಗರೇ ತಾನೆ! ಕಚೇರಿಯ ಕೆಲಸವೆಂಬ ದೆವ್ವ ಇಂದು ಮೊಬೈಲಿನೊಳಗಿನಿಂದ ಶನಿವಾರವೂ ಬಾಗಿಲು ತಟ್ಟುತ್ತದೆ. ಅದಕ್ಕೂ ಇದೇ ಬರಹ ಸಾಕು.

ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಹೊಸ ಯೋಚನೆ ಹುಟ್ಟುವ ಬಗೆಯನ್ನು ಗ್ರಹಾಂ ವಾಲಸ್ ಎಂಬ ಆಂಗ್ಲ ವಿದ್ವಾಂಸರು 1926ರಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದರು: ಮೊದಲು ಸಿದ್ಧತೆ, ಬಳಿಕ ವಿಷಯವನ್ನು ಮನಸ್ಸಿನ ಹಿಂಬದಿಯಲ್ಲಿ ಕಾವಿಗೆ ಬಿಡುವುದು, ಆಮೇಲೆ ಹೊಳಹು, ಕೊನೆಗೆ ಪರಿಶೀಲನೆ. ಫ್ರಾನ್ಸಿನ ಗಣಿತಜ್ಞ ಪ್ವಾಂಕರೆಗೆ ಬಹುಕಾಲ ಕಾಡಿದ ಸಮಸ್ಯೆಯ ಪರಿಹಾರ ಹೊಳೆದದ್ದು ಮೇಜಿನ ಮುಂದಲ್ಲ, ಪ್ರವಾಸದಲ್ಲಿ ವಾಹನದ ಮೆಟ್ಟಿಲಿಗೆ ಕಾಲಿಟ್ಟ ಗಳಿಗೆಯಲ್ಲಿ. ನಡೆಯುವಾಗ ಕಲ್ಪನೆಗಳು ಕುಳಿತಿರುವಾಗಿಗಿಂತ ಹೆಚ್ಚಾಗಿ ಮೂಡುತ್ತವೆಂದು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಅದೇ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಜಾನ್ ಪೆರಿ, ದೊಡ್ಡ ಕೆಲಸದಿಂದ ತಪ್ಪಿಸಿಕೊಳ್ಳುವ ನೆವದಲ್ಲಿ ಹತ್ತು ಸಣ್ಣ ಕೆಲಸಗಳನ್ನು ಮುಗಿಸುವ ಉಪಾಯವನ್ನು ಪ್ರತಿಪಾದಿಸಿ 2011ರಲ್ಲಿ ಇಗ್ನೊಬೆಲ್ ಎಂಬ ವಿನೋದದ ಪ್ರಶಸ್ತಿಗೆ ಪಾತ್ರರಾದರು. ಸ್ಮರಣ ಸಂಚಿಕೆಗಳ ಸಂಪಾದಕರಿಗೆ, ತಮ್ಮ ಲೇಖಕರ ದೆಸೆಯಿಂದ, ಇದು ಹೊಸ ವಿಷಯವಾಗಿರಲಾರದು.

ಆದರೆ ಕನ್ನಡ ಭಾಷೆ ಇದನ್ನು ವಾಲಸ್ಸರಿಗಿಂತ ಮೊದಲೇ ಅರಿತಿತ್ತೆಂದು ನನಗೆ ತೋರುತ್ತದೆ. 'ನೆನೆ' ಎಂಬ ಒಂದೇ ಮಾತಿಗೆ ನೀರಿನಲ್ಲಿ ತೊಯ್ಯುವುದು, ಮನಸ್ಸಿನಲ್ಲಿ ತಂದುಕೊಳ್ಳುವುದು ಎಂಬ ಎರಡೂ ಅರ್ಥಗಳಿವೆ. ಬೇಳೆಯನ್ನು ನೀರಿಗೆ ಹಾಕಿ ಮರೆತರೆ ಅದು ತಾನೇ ಮೆದುವಾಗುತ್ತದೆ. ಡಬ್ಬಿಯಲ್ಲಿಯೇ ಬಿಟ್ಟು ಮರೆತರೆ ಎಷ್ಟು ದಿನ ಕಳೆದರೂ ಕಲ್ಲಾಗಿಯೇ ಉಳಿಯುತ್ತದೆ. ಸೋಮವಾರದ ವರದಿಯ ಕಾಗದಗಳನ್ನು ಶುಕ್ರವಾರ ಒಮ್ಮೆ ಗಮನವಿಟ್ಟು ಓದಿ ಮುಚ್ಚಿಟ್ಟವನಿಗೆ ಈ ಮುಂದೂಡಿಕೆ ಫಲಿಸೀತು. ಕಡತವನ್ನು ತೆರೆದೇ ನೋಡದವನದು ಬರಿಯ ಸೋಮಾರಿತನ. ಮಧ್ಯಾಹ್ನದ ಆ ಹೊತ್ತಿನಲ್ಲಿ ಹಳೆಯ ಭಾವಚಿತ್ರಗಳನ್ನು ಅಂಟಿಸಿರಿ, ಮಗಳಿಗೆ ರಂಗವಲ್ಲಿಯ ಚುಕ್ಕಿಯ ಲೆಕ್ಕ ಕಲಿಸಿರಿ, ಊರಿನಲ್ಲಿರುವ ಅಣ್ಣನಿಗೆ ನಾಲ್ಕು ಸಾಲಿನ ಕಾಗದ ಬರೆಯಿರಿ. ಸಂಜೆ ಐದರ ಮೇಲೆ ವರದಿಯ ಮೊದಲ ವಾಕ್ಯ ತಾನಾಗಿ ಹೊಳೆದರೆ ಬರೆದಿಡಿ, ಹೊಳೆಯದಿದ್ದರೆ ಚಿಂತೆಯಿಲ್ಲ.

ನಾಳೆಗಿಡಬಾರದ ಕೆಲವು ಸಂಗತಿಗಳುಂಟು. ಅವುಗಳ ವಿಷಯದಲ್ಲಿ ವಿನೋದ ಸಲ್ಲದು. ವೃದ್ಧರಿಗೆ ಬಾಯಾರಿಕೆಯ ಅರಿವು ಕಡಿಮೆ. ಕೇಳುವವರೆಗೆ ಕಾಯದೆ ಆಗಾಗ್ಗೆ ನೀರು, ಮಜ್ಜಿಗೆ ಕೊಡುತ್ತಿರಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರಿಂದ ತಿಳಿಯಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಬೇಸಿಗೆಯಲ್ಲಿ ತಲೆಸುತ್ತು ಬಂದರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ಬಿಸಿಲಿನಲ್ಲಿ ಬಂದವರ ಮಾತು ತಡವರಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಕೂಡಲೇ ಆಂಬ್ಯುಲೆನ್ಸಿಗೆ ಕರೆ ಕೊಟ್ಟು, ಅದು ಬರುವವರೆಗೂ ನೆರಳಿನಲ್ಲಿ ಮಲಗಿಸಿ ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹನಿಸಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ಎದೆನೋವು. ಶನಿವಾರ ರಾತ್ರಿ ಎದೆ ಬಿಗಿದು, ನೋವು ಎಡತೋಳಿಗೋ ದವಡೆಗೋ ಹಬ್ಬಿ, ತಣ್ಣನೆಯ ಬೆವರು ಬಂದರೆ "ಊಟ ಜಾಸ್ತಿಯಾಯ್ತು, ಗ್ಯಾಸು, ಸೋಮವಾರ ನಮ್ಮ ಡಾಕ್ಟರು ಸಿಗ್ತಾರೆ" ಎನ್ನುವವರು ನಮ್ಮಲ್ಲಿ ಬಹಳ. ನಮ್ಮ ದೇಶದವರಿಗೆ ಹೃದ್ರೋಗ ಪಾಶ್ಚಾತ್ಯರಿಗಿಂತ ಎಳೆಯ ವಯಸ್ಸಿನಲ್ಲೇ ಬರುತ್ತದೆ; ಮುಚ್ಚಿದ ರಕ್ತನಾಳವನ್ನು ಮೊದಲ ಒಂದೆರಡು ಗಂಟೆಗಳಲ್ಲಿ ತೆರೆದರೆ ಉಳಿಯುವಷ್ಟು ಹೃದಯದ ಸ್ನಾಯು ಆಮೇಲೆ ಉಳಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನೂ, ರಾತ್ರಿಯ ಹೊತ್ತಿನಲ್ಲೂ ಹೃದಯದ ಚಿಕಿತ್ಸೆ ದೊರೆಯುವ ಸಮೀಪದ ಆಸ್ಪತ್ರೆಯ ಹೆಸರನ್ನೂ, ಮನೆಯವರು ಸೇವಿಸುವ ಮಾತ್ರೆಗಳ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ದಪ್ಪಕ್ಷರಗಳಲ್ಲಿ ಬರೆದು, ಒಗ್ಗರಣೆ ಡಬ್ಬಿಯಿಡುವ ಕಪಾಟಿನ ಬಾಗಿಲಿನ ಒಳಬದಿಗೆ ಈ ಶನಿವಾರವೇ ಅಂಟಿಸಿಬಿಡಿ.