ಹಳೆಯ ಜೀಪಿಗೆ ಹೊಸ ಹಲ್ಲುಗಳು

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರು ಎಂಟನೆಯ ಮೈಲಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ ಹೆಸರಘಟ್ಟದ ರಸ್ತೆಯನ್ನು ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬಾಗಲಗುಂಟೆ ಸಿಗುತ್ತದೆ. ಹೆದ್ದಾರಿಯ ಆಚೆಗೆ ಪೀಣ್ಯದ ಕೈಗಾರಿಕಾ ಪ್ರದೇಶ; ಅನತಿದೂರದ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಕಾರ್ಖಾನೆ. ಇಂಥ ನೆರೆಹೊರೆಯಿದ್ದ ಮೇಲೆ ಇಲ್ಲಿನ ಗಲ್ಲಿಗಳಲ್ಲಿ ಲೇತು ತಿರುಗುವ ಸದ್ದು ಕೇಳಿಸುವುದು ಆಶ್ಚರ್ಯವಲ್ಲ. ಅಂಥದೊಂದು ಗಲ್ಲಿಯ ಗ್ಯಾರೇಜಿನಲ್ಲಿ ಮಲೆನಾಡಿನಿಂದ ಬಂದ ಹಳೆಯ ಜೀಪೊಂದನ್ನು ನಾವು ಕಂಡೆವು. ಅದರ ಕಥೆಯೇ ಈ ಲೇಖನಕ್ಕೆ ಕಾರಣ.

ಜೀಪಿನ ಒಡೆಯರು ಕಾಫಿ ತೋಟದವರು. ಕೆಲವು ತಿಂಗಳ ಹಿಂದೆ ಅದನ್ನು ಕೊಂಡಿದ್ದರು. ಊರ ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ನಾಲ್ಕು ಚಕ್ರಗಳಿಗೂ ಶಕ್ತಿಯನ್ನು ಹಾಯಿಸುವ ಸನ್ನೆಯನ್ನು ಎಳೆದಾಗ ಮಾತ್ರ ಗಾಡಿ ಹಟ ಹಿಡಿದಂತಾಗುತ್ತಿತ್ತು, ಕೆಳಗಿನಿಂದ ಏನೋ ಮುಲುಗುತ್ತಿತ್ತು. ಹಳೆಯ ಗಾಡಿ, ಇರುವುದೇ ಹೀಗೆ ಎಂದು ಅವರು ಸುಮ್ಮನಿದ್ದರು. ಒಂದು ಮಳೆಗಾಲದ ಸಂಜೆ ಆರು ಜನ ಕೂಲಿಯಾಳುಗಳನ್ನು ಕೂರಿಸಿಕೊಂಡು ತೋಟದ ಏರನ್ನು ಹತ್ತುತ್ತಿದ್ದಾಗ, ಮುಂದಿನ ಅಚ್ಚಿಗೆ ಶಕ್ತಿಯನ್ನೊಯ್ಯುವ ದಂಡದ ಕೀಲು ಮುರಿಯಿತು. ಮುಂದಿನ ಚಕ್ರಗಳು ಸೋತವು. ಹಿಂದಿನವು ಕೆಸರಿನಲ್ಲಿ ವೃಥಾ ಸುತ್ತಿದವು. ಜೀಪು ಹತ್ತು ಮಾರು ಹಿಂದಕ್ಕೆ ಜಾರಿ ಒಂದು ಮರಕ್ಕೆ ಆತು ನಿಂತಿತು. ಮರದ ಕೆಳಗೆ ಕಣಿವೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕೆ ಮುಂಚೆಯೂ ಅದೇ ಕೀಲು ಎರಡು ಬಾರಿ ಮುರಿದಿತ್ತಂತೆ. ಮೂರು ಬಾರಿ ಒಂದೇ ಭಾಗ ಮುರಿದರೆ ದೋಷವು ಆ ಭಾಗದ್ದೇ, ಅಥವಾ ಬೇರೆಲ್ಲಿಯದೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಜೀಪಿನ ಹೊಟ್ಟೆಯೊಳಗೆ ನಾವೂ ಒಮ್ಮೆ ಇಣುಕಬೇಕು.

ಶಕ್ತಿಯ ಹಾದಿ

ಎಂಜಿನು ತಿರುಗಿಸುವ ಶಕ್ತಿ ಮೊದಲು ಕ್ಲಚ್ಚಿಗೆ, ಅಲ್ಲಿಂದ ಗೇರ್ ಬಾಕ್ಸಿಗೆ ಹೋಗುತ್ತದೆ. ಸಾಮಾನ್ಯ ಕಾರಿನಲ್ಲಿ ಅಲ್ಲಿಂದ ಅದು ಎರಡು ಚಕ್ರಗಳನ್ನು ಸೇರುತ್ತದೆ. ಜೀಪಿನಲ್ಲಾದರೋ ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆಯುಂಟು. ಅದೇ ಟ್ರಾನ್ಸ್‌ಫರ್ ಕೇಸು. ಅದರ ಕೆಲಸ ಎರಡು. ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವುದು ಒಂದು. ಬೇಕೆಂದಾಗ ವೇಗವನ್ನು ಮತ್ತಷ್ಟು ತಗ್ಗಿಸಿ ತಿರುಗುಬಲವನ್ನು ಹೆಚ್ಚಿಸುವುದು ಇನ್ನೊಂದು. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟು ಎಂಬ ಉದ್ದನೆಯ ದಂಡಗಳು ಹೊರಟು, ಪ್ರತಿ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ಲಿಗೆ ಶಕ್ತಿಯನ್ನು ಒಯ್ಯುತ್ತವೆ. ಅಲ್ಲಿ ಸಣ್ಣ ಹಲ್ಲುಚಕ್ರವೊಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವುದರಿಂದ ವೇಗ ಇನ್ನೊಮ್ಮೆ ತಗ್ಗುತ್ತದೆ.

ಹಲ್ಲುಚಕ್ರದ ನಿಯಮ ಸರಳವಾದುದು. ಹತ್ತು ಹಲ್ಲಿನ ಚಕ್ರವು ಮೂವತ್ತು ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗ ಮೂರರಲ್ಲೊಂದು ಪಾಲಾಗುತ್ತದೆ, ತಿರುಗುಬಲ ಮೂರು ಪಟ್ಟಾಗುತ್ತದೆ. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲಿಸ್ ಜೀಪು 1945ರಲ್ಲಿ ಸಿಜೆ-2ಎ ಎಂಬ ಹೆಸರಿನಲ್ಲಿ ನಾಗರಿಕರ ಬಳಕೆಗೆ ಬಂದಿತು. ಅದರ ಎಂಜಿನು 2.2 ಲೀಟರಿನದು, 60 ಅಶ್ವಶಕ್ತಿಯದು. ಅದರ ಅತಿ ಹೆಚ್ಚಿನ ತಿರುಗುಬಲವು, ಒಂದು ಮೀಟರು ಉದ್ದದ ತೋಳಿನ ತುದಿಯಲ್ಲಿ ಹದಿನಾಲ್ಕೂವರೆ ಕಿಲೋಗ್ರಾಂ ತೂಗಿಬಿಟ್ಟಷ್ಟು. ಇದು ಬಹಳವೇನಲ್ಲ. ಆದರೆ ಮೊದಲ ಗೇರಿನಲ್ಲಿ ಅದು ಸುಮಾರು 2.8 ಪಟ್ಟಾಗುತ್ತದೆ, ಟ್ರಾನ್ಸ್‌ಫರ್ ಕೇಸಿನ ತಗ್ಗು ಗೇರಿನಲ್ಲಿ 2.46 ಪಟ್ಟು, ಅಚ್ಚಿನಲ್ಲಿ 5.38 ಪಟ್ಟು. ಮೂರನ್ನೂ ಗುಣಿಸಿದರೆ 37! ಚಕ್ರದ ತ್ರಿಜ್ಯವನ್ನು 0.36 ಮೀಟರೆಂದು ಹಿಡಿದು, ಘರ್ಷಣೆಗೆ ಐದರಲ್ಲೊಂದು ಪಾಲನ್ನು ಬಿಟ್ಟರೂ, ನೆಲವನ್ನು ತಳ್ಳುವ ಬಲ ಸುಮಾರು 1,190 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಜೀಪಿನ ತೂಕವೇ ಸುಮಾರು ಒಂದು ಟನ್ನು! ಎಂದರೆ ಅದರ ಚಕ್ರಗಳು ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ತಳ್ಳಬಲ್ಲವು. ಏರಿನಲ್ಲಿ ಇಂಥ ಗಾಡಿಯನ್ನು ಸೋಲಿಸುವುದು ಎಂಜಿನಿನ ದೌರ್ಬಲ್ಯವಲ್ಲ, ಚಕ್ರದ ಕೆಳಗಿನ ಕೆಸರು. ನಾಲ್ಕು ಚಕ್ರಗಳಿಗೂ ಶಕ್ತಿಯನ್ನು ಹಂಚುವುದು ಇದಕ್ಕಾಗಿಯೇ.

ಬದಲಾವಣೆಯ ಆಸೆ

ಇಷ್ಟು ಸಮರ್ಥವಾದ ಯಂತ್ರವನ್ನು ಏಕೆ ಬದಲಾಯಿಸಬೇಕು? ಕಾರಣ ಹೆದ್ದಾರಿ. ಈ ಜೀಪಿನ ಚಕ್ರ ಒಂದು ಸುತ್ತಿಗೆ ಸುಮಾರು 2.26 ಮೀಟರು ಸಾಗುತ್ತದೆ. ತಗ್ಗು ಮೊದಲ ಗೇರಿನಲ್ಲಿ ಎಂಜಿನು ನಿಮಿಷಕ್ಕೆ ಸಾವಿರ ಸುತ್ತು ಸುತ್ತಿದರೆ ಗಾಡಿಯ ವೇಗ ಗಂಟೆಗೆ 3.7 ಕಿಲೋಮೀಟರು; ನಾವು ನಡೆಯುವುದಕ್ಕಿಂತ ಕಡಿಮೆ. ಮೇಲಿನ ಗೇರಿನಲ್ಲಿಯೂ ಸಾವಿರ ಸುತ್ತಿಗೆ 25 ಕಿಲೋಮೀಟರು ಮಾತ್ರ. ಗಂಟೆಗೆ 80 ಕಿಲೋಮೀಟರು ಓಡಬೇಕಾದರೆ ಎಂಜಿನು ನಿಮಿಷಕ್ಕೆ 3,200 ಸುತ್ತು ಸುತ್ತಿ ಗರ್ಜಿಸಬೇಕಾಗುತ್ತದೆ. ಆದ್ದರಿಂದ 5.38ರ ಅಚ್ಚನ್ನು ತೆಗೆದು 4.27ರಂತಹ ಅನುಪಾತದ ಅಚ್ಚನ್ನು ಕೂರಿಸುವವರುಂಟು. ಐದು ಗೇರಿನ ಪೆಟ್ಟಿಗೆಯನ್ನು ತರುವವರುಂಟು. ಎಂಜಿನನ್ನೇ ಬದಲಾಯಿಸುವವರೂ ಉಂಟು.

ನಮ್ಮ ದೇಶದಲ್ಲಿ ಇದಕ್ಕೆ ಅನುಕೂಲವೂ ಒದಗಿತು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದ ಮಹೀಂದ್ರಾ ಕಂಪನಿಯವರು ಮುಂದೆ ಸಿಜೆ-3ಬಿ ಮಾದರಿಯನ್ನು ಇಲ್ಲಿಯೇ ತಯಾರಿಸಿದರು. ಕಾಲಕ್ರಮದಲ್ಲಿ ಪೆಟ್ರೋಲ್ ಎಂಜಿನಿನ ಜಾಗಕ್ಕೆ ಡೀಸೆಲ್ ಎಂಜಿನುಗಳು ಬಂದವು. ಪ್ಯೂಜೋ ವಿನ್ಯಾಸದ 2.1 ಲೀಟರಿನ ಎಂಜಿನು ಅವುಗಳಲ್ಲಿ ಹೆಸರುವಾಸಿಯಾದುದು. ಹೀಗೆ ಒಂದೇ ಮನೆತನದ ಗಾಡಿಗಳು ದಶಕಗಳ ಕಾಲ ಬಂದುದರಿಂದ ಒಂದರ ಭಾಗವನ್ನು ಇನ್ನೊಂದಕ್ಕೆ ತೊಡಿಸುವ ರೂಢಿ ಬೆಳೆಯಿತು. ಕೊಡಚಾದ್ರಿಗೆ, ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಹೋದವರು ಇಂದಿಗೂ ಏರನ್ನು ಹತ್ತುವ ಹಳೆಯ ಜೀಪುಗಳನ್ನು ಕಂಡಿರಬಹುದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದು ಇನ್ನೊಂದು ಬಗೆ. ಅದರ ಮೊದಲ ಎಂಜಿನು 970 ಘನ ಸೆಂಟಿಮೀಟರಿನದು, 1996ರಲ್ಲಿ 1.3 ಲೀಟರಿನದು ಬಂದಿತು. ಅದರಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ತುಸು ಹಿಂದೆ ಪ್ರತ್ಯೇಕವಾಗಿದ್ದು, ಗಿಡ್ಡ ದಂಡವೊಂದರಿಂದ ಗೇರ್ ಬಾಕ್ಸಿಗೆ ಸೇರಿದೆ. ಆದ್ದರಿಂದ ಒಂದನ್ನು ಮುಟ್ಟದೆಯೇ ಇನ್ನೊಂದನ್ನು ಬದಲಾಯಿಸಬಹುದು. ವಿಲ್ಲಿಸ್ ಮನೆತನದಲ್ಲಿ ಎರಡು ಪೆಟ್ಟಿಗೆಗಳೂ ಬೆನ್ನಿಗೆ ಬೆನ್ನು ಹತ್ತಿಕೊಂಡಿವೆ. ಅಚ್ಚಿಗೆ ಹೋಗುವ ದಂಡವೂ ನಡುವೆ ಬಾರದೆ ಒಂದು ಪಕ್ಕಕ್ಕೆ ಸರಿದಿದೆ. ಅಲ್ಲಿ ಒಂದನ್ನು ಬದಲಾಯಿಸಿದರೆ ಇನ್ನೊಂದರ ಕಡೆಗೂ ನೋಡಲೇಬೇಕು.

ಕೂಡಿಸುವ ಕಷ್ಟ

ಒಂದು ಕಾರ್ಖಾನೆಯ ಎಂಜಿನಿಗೆ ಇನ್ನೊಂದು ಕಾರ್ಖಾನೆಯ ಗೇರ್ ಬಾಕ್ಸನ್ನು ಜೋಡಿಸಲು ಇಬ್ಬರ ಬೋಲ್ಟು ರಂಧ್ರಗಳಿಗೂ ಹೊಂದುವಂತಹ ದಪ್ಪ ಲೋಹದ ಫಲಕವೊಂದು ಬೇಕು. ರಂಧ್ರ ಕೊರೆಯುವುದು ಕಷ್ಟವಲ್ಲ. ಎಂಜಿನಿನ ದಂಡದ ನಡುಗೆರೆಯೂ ಗೇರ್ ಬಾಕ್ಸಿನ ದಂಡದ ನಡುಗೆರೆಯೂ ಒಂದೇ ಸರಳರೇಖೆಯಲ್ಲಿ ನಿಲ್ಲುವಂತೆ ಮಾಡುವುದೇ ಕಷ್ಟ. ಇದು ಮಿಲಿಮೀಟರಿನ ಕೆಲವು ಹತ್ತನೆಯ ಭಾಗಗಳಷ್ಟು ತಪ್ಪಿದರೂ ಬೇರಿಂಗು ಸವೆಯುತ್ತದೆ, ಕ್ಲಚ್ಚು ನಡುಗುತ್ತದೆ. ಅದಕ್ಕಾಗಿಯೇ ಬಲ್ಲ ಕೆಲಸಗಾರರು ಡಯಲ್ ಗೇಜನ್ನಿಟ್ಟು ಸುತ್ತಲೂ ಅಳೆದಲ್ಲದೆ ಬೋಲ್ಟನ್ನು ಬಿಗಿಯುವುದಿಲ್ಲ.

ಇನ್ನೊಂದು ತೊಡಕು ದಂಡದ ತುದಿಯ ಕ್ರಾಸ್ ಕೀಲುಗಳದು. ಅಚ್ಚು ಏರಿಳಿಯುವಾಗ ದಂಡವು ಓರೆಯಾಗಿಯೇ ತಿರುಗಬೇಕಾದುದರಿಂದ ಈ ಕೀಲು ಅವಶ್ಯ. ಆದರೆ ಓರೆಯಾಗಿ ತಿರುಗುವ ಕೀಲು ಸಮವೇಗವನ್ನು ಸಮವೇಗವಾಗಿಯೇ ದಾಟಿಸುವುದಿಲ್ಲ. ಓರೆಯು 10 ಡಿಗ್ರಿಯಾದರೆ ಪ್ರತಿ ಸುತ್ತಿನಲ್ಲಿ ವೇಗವು ಎರಡು ಬಾರಿ ಸುಮಾರು ಶೇಕಡಾ ಒಂದೂವರೆ ಏರಿಳಿಯುತ್ತದೆ; 20 ಡಿಗ್ರಿಯಾದರೆ ಶೇಕಡಾ ಆರು. ದಂಡದ ಎರಡು ತುದಿಗಳಲ್ಲಿಯೂ ಸಮನಾದ ಓರೆಯುಳ್ಳ ಕೀಲುಗಳನ್ನು ಸರಿಯಾದ ಸ್ಥಾನದಲ್ಲಿಟ್ಟರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಗಾಡಿಯನ್ನು ಎತ್ತರಿಸಲು ಸ್ಪ್ರಿಂಗಿನ ಕೆಳಗೆ ಕಟ್ಟೆಗಳನ್ನಿಡುವವರು, ದಂಡವನ್ನು ಕತ್ತರಿಸಿ ಬೆಸೆಯುವವರು ಈ ಸಮತ್ವವನ್ನು ಮರೆತರೆ ಗಾಡಿ ನಡುಗುತ್ತದೆ, ಕೀಲು ಸವೆಯುತ್ತದೆ.

ಬಲಹೀನ ಕೊಂಡಿಯ ಮಾತೂ ಉಂಟು. ಎಂಜಿನಿನ ಬಲವನ್ನು ಹೆಚ್ಚಿಸಿದರೆ ಗೇರ್ ಬಾಕ್ಸಿನ ಹಲ್ಲು ಮುರಿಯಬಹುದು. ಅದನ್ನು ಬಲಪಡಿಸಿದರೆ ಚಕ್ರವನ್ನು ತಿರುಗಿಸುವ ದಂಡ ಮುರಿಯಬಹುದು. ಬ್ರೇಕಿನ ಲೆಕ್ಕ ಇನ್ನೂ ಕಠಿಣ. ಚಲನಶಕ್ತಿಯು ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದ ಗಾಡಿ 85ರಲ್ಲಿ ಓಡಿದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡರಷ್ಟಾಗುತ್ತದೆ. ಓಟವನ್ನು ಹೆಚ್ಚಿಸಿ ಹಳೆಯ ಬ್ರೇಕನ್ನೇ ಉಳಿಸಿಕೊಳ್ಳುವುದು ಜಾಣತನವಲ್ಲ. ಇಳಿಜಾರಿನ ಮಾತೂ ಹಾಗೆಯೇ. ಅಚ್ಚಿನ ಅನುಪಾತ 5.38ರಿಂದ 4.27ಕ್ಕೆ ಇಳಿದರೆ, ಗೇರಿನಲ್ಲಿಯೇ ಗಾಡಿಯನ್ನು ತಡೆದು ಹಿಡಿಯುವ ಎಂಜಿನಿನ ಹಿಡಿತವೂ ಐದರಲ್ಲೊಂದು ಪಾಲು ಸಡಿಲುತ್ತದೆ.

ಕಾನೂನು ಇಂಥ ಬದಲಾವಣೆಗಳನ್ನು ಸುಮ್ಮನೆ ಬಿಡುವುದಿಲ್ಲ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು ವಿಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಗಾಡಿಯಲ್ಲಿ ಕೂರುವವರೂ ಎದುರಿಗೆ ಬರುವವರೂ ಒಡೆಯನ ಪ್ರಯೋಗಕ್ಕೆ ಬಲಿಯಾಗಬಾರದಷ್ಟೆ.

ಸೀಮೆಸುಣ್ಣದ ಗೆರೆ

ಇನ್ನು ನಮ್ಮ ಜೀಪಿಗೆ ಬರೋಣ. ಅದು ಸಿಜೆ-3ಬಿ ಮಾದರಿಯದು. ಗ್ಯಾರೇಜಿನ ಮೇಸ್ತ್ರಿ ಮುರಿದ ಕೀಲನ್ನು ಒಮ್ಮೆ ನೋಡಿ ಬದಿಗಿಟ್ಟರು. “ಮೇಸ್ತ್ರಿಗಳೇ, ಈ ಸಲ ಒಳ್ಳೆಯ ಕೀಲನ್ನೇ ಹಾಕಿ” ಎಂದರು ಒಡೆಯರು. “ಕೀಲಿನ ಮೇಲೆ ಸಿಟ್ಟೇಕೆ ಯಜಮಾನರೇ? ಮೊದಲು ಎಣಿಸೋಣ” ಎಂದರು ಮೇಸ್ತ್ರಿ.

ಅವರು ಮಾಡಿದ್ದು ಇಷ್ಟೆ. ಮುಂದಿನ ಚಕ್ರಗಳಿಗೆ ಕಲ್ಲನ್ನು ಕೊಟ್ಟು, ಹಿಂದಿನ ಅಚ್ಚನ್ನು ಎತ್ತಿ ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಿದರು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ದಂಡದ ಮೇಲೆ ಸೀಮೆಸುಣ್ಣದ ಗೆರೆಯೆಳೆದರು. ಇಬ್ಬರು ಹುಡುಗರು ಎರಡು ಚಕ್ರಗಳನ್ನೂ ಒಟ್ಟಿಗೆ ಹತ್ತು ಸುತ್ತು ತಿರುಗಿಸಿದರು. ದಂಡ ತಿರುಗಿದ್ದು ಸುಮಾರು ನಲವತ್ತೆರಡೂಮುಕ್ಕಾಲು ಸುತ್ತು. ಮುಂದಿನ ಅಚ್ಚನ್ನೂ ಹಾಗೆಯೇ ಎತ್ತಿ ಎಣಿಸಿದಾಗ ಬಂದದ್ದು ಐವತ್ತನಾಲ್ಕಕ್ಕೆ ತುಸು ಕಡಿಮೆ. ಹಿಂದೆ 4.27, ಮುಂದೆ 5.38! ಹಿಂದೆಂದೋ ಯಾರೋ ಹೆದ್ದಾರಿಯ ಗರ್ಜನೆಯನ್ನು ತಗ್ಗಿಸಲೆಂದು ಹಿಂದಿನ ಅಚ್ಚನ್ನು ಮಾತ್ರ ಬದಲಾಯಿಸಿದ್ದರು. ಎರಡು ಚಕ್ರದ ಓಟದಲ್ಲಿ ಅದರಿಂದ ತೊಂದರೆಯೇ ಇರಲಿಲ್ಲ.

ನಾಲ್ಕು ಚಕ್ರದ ಓಟದಲ್ಲಿ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ನೂರು ಮೀಟರು ಸಾಗಲು ಚಕ್ರ ಸುಮಾರು 44 ಸುತ್ತು ತಿರುಗಬೇಕು. ಅಷ್ಟರಲ್ಲಿ ಮುಂದಿನ ದಂಡ 238 ಸುತ್ತು, ಹಿಂದಿನ ದಂಡ 189 ಸುತ್ತು ತಿರುಗಬೇಕಾಗುತ್ತದೆ. ಆದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಎರಡು ದಂಡಗಳೂ ಒಂದಕ್ಕೊಂದು ಕಚ್ಚಿಕೊಂಡಿವೆ. ಅವು ಸಮನಾಗಿಯೇ ತಿರುಗಬೇಕು. ನೂರು ಮೀಟರಿಗೆ ಈ 49 ಸುತ್ತುಗಳ ವ್ಯತ್ಯಾಸವನ್ನು ತುಂಬಿಕೊಡುವವರು ಯಾರು? ಕೆಸರಿನಲ್ಲಿ ಚಕ್ರಗಳು ಜಾರಿ ತುಂಬಿಕೊಡುತ್ತವೆ. ಚಕ್ರಕ್ಕೆ ಕಲ್ಲು ಸಿಕ್ಕಿ ಹಿಡಿತ ಬಂದೊಡನೆ ಜಾರುವುದಕ್ಕೆ ಎಡೆಯಿಲ್ಲದೆ ದಂಡಗಳೇ ತಿರುಚಿಕೊಳ್ಳುತ್ತವೆ. ಕೊನೆಗೆ ಬಲಹೀನವಾದ ಕೊಂಡಿ ಮುರಿಯುತ್ತದೆ. ಮೂರು ಬಾರಿಯೂ ಮುರಿದದ್ದು ನಿರಪರಾಧಿಯಾದ ಕೀಲು!

ಹಿಂದಕ್ಕೂ 5.38ರ ಅಚ್ಚನ್ನೇ ಹುಡುಕಿ ಕೂರಿಸುವುದೆಂದು ನಿಶ್ಚಯವಾಯಿತು. ಓಟ ಕಡಿಮೆಯಾದರೂ ತೋಟದ ಏರಿಗೂ ಕಾಗದಪತ್ರಗಳಿಗೂ ಅದೇ ಸರಿ. ಮರುದಿನ ಲೇತಿನವನು ದಂಡವನ್ನು ಸರಿಪಡಿಸುತ್ತಿದ್ದಾಗ ಒಡೆಯರು ಆ ಸೀಮೆಸುಣ್ಣದ ತುಂಡನ್ನು ಕೇಳಿ ಪಡೆದು ಜೇಬಿಗೆ ಹಾಕಿಕೊಂಡರು. ತೋಟದಲ್ಲಿ ಇನ್ನೊಂದು ಹಳೆಯ ಜೀಪಿದೆಯಂತೆ.

ನಮ್ಮ ವಿದ್ಯಾರ್ಥಿಮಿತ್ರರೂ ಈ ಎಣಿಕೆಯನ್ನು ಮಾಡಿ ನೋಡಬಹುದು. ಆದರೆ ಬಲ್ಲ ಮೆಕ್ಯಾನಿಕ್ಕನೊಬ್ಬನು ಜೊತೆಗಿರಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಗ್ಗಬಾರದು. ಕಷ್ಟವೆನಿಸಿದರೆ ಮನೆಯ ಸೈಕಲ್ಲಿನಿಂದಲೇ ಆರಂಭಿಸಿರಿ. ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಎಷ್ಟು ಸುತ್ತು ಬರುತ್ತದೆಂದು ಎಣಿಸಿ, ಬಳಿಕ ಎರಡು ಹಲ್ಲುಚಕ್ರಗಳ ಹಲ್ಲುಗಳನ್ನೂ ಎಣಿಸಿ ಭಾಗಿಸಿ ನೋಡಿರಿ. ಎರಡು ಉತ್ತರಗಳೂ ಒಂದೇ ಆಗಿರುತ್ತವೆ.